ಬೊಳ್ಳಿಯ ಶುಗರ್ ಲೆಕ್ಕ

ನಾಯಿಗೆ ಶುಗರ್ ಬರ್ತದೆ ಅಂತ ಹೇಳಿದರೆ ನಮ್ಮ ಕಡೆ ಮೊದಲು ಬರುವುದು ನಗು. "ಅದಕ್ಕೆಂತ ಚಹಾಕ್ಕೆ ಸಕ್ಕರೆ ಹಾಕಿ ಕೊಡ್ತಿದ್ರಾ ಮಾರಾಯ್ರೆ?" ಅಂತ ಕೇಳಿದವರು ನಮ್ಮ ಬೈಲಿನಲ್ಲೇ ನಾಲ್ಕೈದು ಮಂದಿ ಇದ್ದಾರೆ. ಮನುಷ್ಯರ ಶುಗರಿನ ವಿಷಯಕ್ಕೆ ಬಂದರೆ ನಾವೆಲ್ಲ ಅರ್ಧ ಡಾಕ್ಟ್ರುಗಳು. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತರೆ ಎಡಬಲದವರ ಫಾಸ್ಟಿಂಗ್ ಎಷ್ಟು, ಊಟದ ನಂತರದ್ದು ಎಷ್ಟು ಅಂತ ಪಾಯಸ ಬರುವುದರೊಳಗೆ ಗೊತ್ತಾಗಿರ್ತದೆ. ಅಂಗಳದ ನಾಯಿ ನೀರು ಕುಡಿದು ಕುಡಿದು ಸೊರಗಿದರೆ ಮಾತ್ರ "ಅದಕ್ಕೆ ಪ್ರಾಯ ಆಯ್ತು" ಅಂತ ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟ ನಾಯಿಗಳಲ್ಲಿ ಎಷ್ಟಕ್ಕೆ ಈ ರೋಗ ಇತ್ತೋ ಏನೋ. ವಾಚನಾಲಯದವರು ಈ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂದಾಗ ನನಗೆ ತೋಚಿದ್ದು ಇದೇ ವಿಷಯ. ಬೊಳ್ಳಿಯ ಲೆಕ್ಕದ ಪುಸ್ತಕವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೊಳ್ಳಿ ನಮ್ಮ ಮನೆಯ ಹೆಣ್ಣು ನಾಯಿ. ಊರ ಜಾತಿ, ತೂಕ ಹದಿನಾಲ್ಕು ಕಿಲೋ, ಆಗ ಎಂಟು ವರ್ಷ. ರಾತ್ರಿ ತೋಟಕ್ಕೆ ಹಂದಿ ಇಳಿದರೆ ಮೊದಲು ಎಚ್ಚರಾಗುವುದು ಅದಕ್ಕೆ. ಅಡಿಕೆ ಕೊಯ್ಲಿನ ಸಮಯ, ಅಂಗಳ ತುಂಬ ಅಡಿಕೆ ಹರಡಿದ್ದೆವು. ಬೊಳ್ಳಿ ಅಂಗಳ ಕಾಯುವುದು ಬಿಟ್ಟು ಕೊಟ್ಟಿಗೆಯ ನೀರಿನ ಬಾನಿಯ ಹತ್ತಿರವೇ ಮಲಗತೊಡಗಿತು. ಕುಡಿಯುವುದು, ಎದ್ದುಹೋಗಿ ಮೂತ್ರ ಮಾಡುವುದು, ಬಂದು ಪುನಃ ಕುಡಿಯುವುದು. ಎರಡು ಹೊತ್ತೂ ಬಟ್ಟಲು ನೆಕ್ಕಿ ಮುಗಿಸಿದರೂ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಮೂತ್ರ ಮಾಡಿದ ಸಿಮೆಂಟಿನ ನೆಲಕ್ಕೆ ಇರುವೆ ಸಾಲು ಹಿಡಿದದ್ದನ್ನು ಮೊದಲು ಕಂಡದ್ದು ಅಮ್ಮ. ಹನ್ನೆರಡು ವರ್ಷದಿಂದ ಶುಗರಿನ ಮಾತ್ರೆ ತಿನ್ನುವವರು. "ಇದು ನನ್ನದೇ ಕಾಯಿಲೆ ಅಂತ ಕಾಣ್ತದೆ, ಮೃಗಾಸ್ಪತ್ರೆಗೆ ಕೊಂಡುಹೋಗು" ಎಂದರು.

ಪಂಚಾಯತಿನ ಮೃಗಾಸ್ಪತ್ರೆಯ ಲೇಡಿ ಡಾಕ್ಟ್ರು ತೆಂಕಿನವರು, ಅವರದ್ದು ಮಲಯಾಳ. ರಕ್ತ ತೆಗೆದರು, ಮೂತ್ರವನ್ನೂ ನೋಡಿದರು. "ಇದ್ ಶುಗರಾಣ್ ಚೇಟಾ" ಎಂದು ಮೀಟರನ್ನು ನನ್ನ ಕಡೆ ತಿರುಗಿಸಿದರು. 438. ಆರೋಗ್ಯದ ನಾಯಿಗೆ ಅದು 80ರಿಂದ 120ರ ಆಸುಪಾಸಿನಲ್ಲಿರಬೇಕು. 200ರ ಹತ್ತಿರ ದಾಟಿದ ಮೇಲೆ ಮೂತ್ರಪಿಂಡಕ್ಕೆ ಅಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಾನಿ ಖಾಲಿಯಾಗುತ್ತಿದ್ದದ್ದು ಆ ಕಾರಣಕ್ಕೆ.

ಅಮ್ಮನ ಕಾಯಿಲೆ ಮತ್ತು ಬೊಳ್ಳಿಯದ್ದು ಹೆಸರಿಗೆ ಒಂದೇ, ಒಳಗೆ ಬೇರೆ. ನಮ್ಮಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಇದ್ದೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಮಾತ್ರೆಯಲ್ಲಿ ಸುಧಾರಿಸ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಇನ್ಸುಲಿನ್ ಮಾಡುವ ಶಕ್ತಿಯೇ ಹೋಗಿರುತ್ತದೆ. ಮಾತ್ರೆ ತಿನ್ನಿಸಿ ಪ್ರಯೋಜನ ಇಲ್ಲ, ದಿನಕ್ಕೆ ಎರಡು ಸಲ ಇಂಜೆಕ್ಷನ್ನೇ ಆಗಬೇಕು. ಹೆಣ್ಣು ನಾಯಿಗೆ ಇನ್ನೊಂದು ತೊಂದರೆ ಉಂಟು. ಬೆದೆಗೆ ಬಂದು ಹೋದ ಮೇಲಿನ ಎರಡು ತಿಂಗಳು ದೇಹದಲ್ಲಿ ಪ್ರೊಜೆಸ್ಟರಾನ್ ಏರಿರುತ್ತದೆ. ಅದು ಬೆಳವಣಿಗೆಯ ಹಾರ್ಮೋನನ್ನು ಏರಿಸಿ ಇನ್ಸುಲಿನ್ನಿಗೆ ಅಡ್ಡ ನಿಲ್ಲುತ್ತದೆ. ಸ್ವಲ್ಪ ಸರಿಯಾದ ಮೇಲೆ ಗರ್ಭಕೋಶ ತೆಗೆಯುವ ಆಪರೇಶನ್ ಮಾಡಿಸಲೇಬೇಕು ಎಂದರು ಡಾಕ್ಟ್ರು.

ಮನೆಗೆ ಬಂದದ್ದೇ ಸಲಹೆಗಳ ಮಳೆ. "ಊರ ನಾಯಿಗೆ ಇಷ್ಟೆಲ್ಲ ಯಾಕೆ, ಒಂದು ಇಂಜೆಕ್ಷನ್ ಹಾಕಿಸಿ ಮುಗಿಸಿಬಿಡಿ" ಅಂತ ಹೇಳಿದವರು ನಮಗೆ ಬೇಕಾದವರೇ, ಹಗೆಯಿಂದ ಹೇಳಿದ್ದಲ್ಲ. ಆ ವರ್ಷ ಕೊಳೆರೋಗದಲ್ಲಿ ಅರ್ಧ ಫಸಲು ಹೋಗಿತ್ತು, ಅದು ಅವರಿಗೂ ಗೊತ್ತಿತ್ತು. ನಾನು ಲೆಕ್ಕ ಹಾಕಿದೆ. 10 ಎಂಎಲ್ ಇನ್ಸುಲಿನ್ ಬಾಟ್ಲಿ ನೂರೈವತ್ತು ರೂಪಾಯಿಯ ಆಸುಪಾಸು, ಸಿರಿಂಜು ಬೇರೆ. ಅಷ್ಟು ಹೇಗೂ ಆದೀತು. ತಲೆಬಿಸಿ ಇದ್ದದ್ದು ಪರೀಕ್ಷೆಯ ಖರ್ಚಿನದ್ದು. ಇನ್ಸುಲಿನ್ ಡೋಸು ಸರಿಯಾಗಬೇಕಾದರೆ ಒಂದು ದಿನ ಪೂರ್ತಿ, ಎರಡು ಗಂಟೆಗೊಮ್ಮೆ ರಕ್ತ ನೋಡಬೇಕು. ಅದಕ್ಕೆ ಪೇಟೆಯ ಆಸ್ಪತ್ರೆಗೆ ಕಾರು ಬಾಡಿಗೆ ಮಾಡಿ ಹೋಗಿ ಕೂರಬೇಕು. ಡೋಸು ಬದಲಾದಾಗಲೆಲ್ಲ ಪುನಃ ಅದೇ. ಹೋದಲ್ಲಿ ಬೊಳ್ಳಿ ಹೆದರಿ ಒಂದು ತುತ್ತೂ ತಿನ್ನುವುದಿಲ್ಲ. ತಿನ್ನದ ನಾಯಿಯ ಶುಗರನ್ನು ಅಳೆದು ತಿನ್ನುವ ದಿನಗಳ ಡೋಸು ನಿಶ್ಚಯಿಸುವುದು ಹೇಗೆ?

ಇದನ್ನು ಹೇಳಿದಾಗ ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ. "ಮನೆಯಲ್ಲಿ ಯಾರಿಗಾದರೂ ಶುಗರ್ ಉಂಟಾ? ಮೀಟರ್ ಇದೆಯಾ?" ಕಾಸರಗೋಡು ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಇಲ್ಲ ಅನ್ನುವ ಮನೆ ಎಷ್ಟು ಸಿಕ್ಕೀತು!

ಮನುಷ್ಯರ ಮೀಟರನ್ನು ನಾಯಿಗೆ ಬಳಸಬಹುದಾ ಅಂತ ಕೇಳಿದರೆ, ಬಳಸಬಹುದು, ಅದರ ಸ್ವಭಾವ ತಿಳಿದಿರಬೇಕು ಅಷ್ಟೆ. ರಕ್ತದಲ್ಲಿ ಸಕ್ಕರೆ ಎರಡು ಕಡೆ ಇರ್ತದೆ, ಕೆಂಪು ಕಣಗಳ ಒಳಗೆ ಮತ್ತು ಹೊರಗಿನ ನೀರಿನಂಥ ಭಾಗದಲ್ಲಿ. ಮನುಷ್ಯರಲ್ಲಿ ಕಣಗಳೊಳಗಿನ ಪಾಲು ದೊಡ್ಡದು. ನಾಯಿಯಲ್ಲಿ ಅದು ತೀರಾ ಕಡಿಮೆ, ಸಕ್ಕರೆ ಹೆಚ್ಚಿನದ್ದೂ ಹೊರಗಿನ ಭಾಗದಲ್ಲೇ. ಮನುಷ್ಯರ ರಕ್ತಕ್ಕೆಂದು ಹೊಂದಿಸಿದ ಮೀಟರು ಈ ಕಾರಣಕ್ಕೆ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ನಾಯಿ ಬೆಕ್ಕುಗಳಿಗೇ ಹೊಂದಿಸಿದ ಮೀಟರೂ ಪೇಟೆಯಲ್ಲಿ ಸಿಗ್ತದೆ. ಕ್ರಯ ವಿಚಾರಿಸಿದೆ. ಅದರ ಒಂದು ಸ್ಟ್ರಿಪ್ಪಿನ ಹಣಕ್ಕೆ ಅಮ್ಮನ ಮೀಟರಿನ ಐದಾರು ಸ್ಟ್ರಿಪ್ ಬರುತ್ತಿತ್ತು. ಕೈಮುಗಿದು ಬಂದೆ.

ಡಾಕ್ಟ್ರು ಒಂದು ಉಪಾಯ ಮಾಡಿದರು. ಬೊಳ್ಳಿಯ ಕಾಲಿನಿಂದ ತೆಗೆದ ರಕ್ತವನ್ನು ಲ್ಯಾಬಿಗೆ ಕಳಿಸುವ ಮೊದಲು ಅದರದ್ದೇ ಒಂದು ಹನಿ ನಮ್ಮ ಸ್ಟ್ರಿಪ್ಪಿಗೆ ಮುಟ್ಟಿಸಿದರು. ನಮ್ಮದರಲ್ಲಿ 251, ಲ್ಯಾಬಿನಲ್ಲಿ 298. "ಈ 47ನ್ನು ಪ್ರತಿಸಲ ಕೂಡಿಸಿ ಬರೀಬೇಡಿ" ಅಂತ ಆಗಲೇ ಎಚ್ಚರಿಸಿದರು. ವ್ಯತ್ಯಾಸ ಎಲ್ಲ ಮಟ್ಟದಲ್ಲೂ ಒಂದೇ ಸಮ ಇರುವುದಿಲ್ಲ. ಮೀಟರು ಬದಲಾಯಿಸಬಾರದು, ಸ್ಟ್ರಿಪ್ಪಿನ ಕಂಪೆನಿ ಬದಲಾಯಿಸಬಾರದು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಒಂದೇ ಸೇರಿನಲ್ಲಿ ಅಳೆದರೆ ಸೇರು ಸ್ವಲ್ಪ ಸಣ್ಣದಾದರೂ ಭತ್ತ ಏರಿತಾ ಇಳಿಯಿತಾ ಅಂತ ಗೊತ್ತಾಗುವುದಿಲ್ಲವೇ, ಹಾಗೆ.

ಅಮ್ಮನದ್ದು ಒಂದೇ ಷರತ್ತು. ಮೀಟರು ಕೊಡ್ತೇನೆ, ಸೂಜಿ ಕೊಡುವುದಿಲ್ಲ. ಬೊಳ್ಳಿಗೆ ಬೇರೆ ಸ್ಟ್ರಿಪ್ ಡಬ್ಬಿ, ಬೇರೆ ಲ್ಯಾನ್ಸೆಟ್, ಚುಚ್ಚುವ ಪೆನ್ನೂ ಬೇರೆ. ಅದಕ್ಕೆ ಕೆಂಪು ನೂಲು ಸುತ್ತಿಟ್ಟರು. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ಅದು ಮನುಷ್ಯರಾಗಲಿ ನಾಯಿಯಾಗಲಿ, ತಾಗಬಾರದು.

ಹನಿ ರಕ್ತ ತೆಗೆಯುವುದು ಹೇಗೆ ಅಂತ ಬಹಳ ಮಂದಿ ಕೇಳ್ತಾರೆ, ಅದನ್ನು ಬಿಡಿಸಿ ಹೇಳಬೇಕು. ನಾಯಿಯ ಬೆರಳಿಗೆ ಚುಚ್ಚುವುದಲ್ಲ. ಕಿವಿಯ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಓಡ್ತದೆ, ಬಿಸಿಲಿಗೆ ಹಿಡಿದರೆ ಕಾಣ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ನಿಮಿಷ ಕಿವಿಗೆ ಒತ್ತಿ ಹಿಡಿಯಬೇಕು, ರಕ್ತ ಅಲ್ಲಿಗೆ ಬರ್ತದೆ. ಬಟ್ಟೆ ನಮ್ಮ ಕೈಗೆ ಹಿತವಾಗುವಷ್ಟೇ ಬಿಸಿ ಇರಲಿ. ಆಮೇಲೆ ಒರೆಸಿ ಪೂರ್ತಿ ಒಣಗಿಸಬೇಕು. ನೀರಿನ ಪಸೆ ಉಳಿದರೆ ಹನಿ ತೆಳುವಾಗಿ ಲೆಕ್ಕ ತಪ್ಪುತ್ತದೆ, ಸ್ಪಿರಿಟ್ ಹಚ್ಚಿದರೂ ಅದೇ ಕತೆ. ಅಂಚಿಗೆ ವ್ಯಾಸಲಿನ್ ತೆಳ್ಳಗೆ, ಕಾಣದಷ್ಟು ಸವರಿದರೆ ರಕ್ತ ರೋಮದೊಳಗೆ ಹರಡದೆ ಮಣಿಯ ಹಾಗೆ ನಿಲ್ಲುತ್ತದೆ. ಕಿವಿಯ ಹಿಂದೆ ಹತ್ತಿಯ ಉಂಡೆ ಇಟ್ಟುಕೊಂಡರೆ ಸೂಜಿ ನಮ್ಮ ಬೆರಳಿಗೆ ಬರುವುದಿಲ್ಲ. ಸ್ಟ್ರಿಪ್ಪನ್ನು ಮೀಟರಿಗೆ ಮೊದಲೇ ಹಾಕಿಟ್ಟಿರಬೇಕು. ಹನಿ ತೆಗೆದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ನಾಯಿ ತಲೆ ಕೊಡವಿ ಗೋಡೆ ತುಂಬ ಕೆಂಪು ಚಿತ್ತಾರ. ಮೇಲ್ತುಟಿಯ ಒಳಭಾಗದಿಂದಲೂ ತೆಗೆಯುವವರಿದ್ದಾರೆ. ಕಚ್ಚುವ ಸ್ವಭಾವದ ನಾಯಿಯಾದರೆ ಆ ಸಾಹಸಕ್ಕೆ ಹೋಗಬಾರದು. ಹುಚ್ಚುನಾಯಿ ರೋಗದ ಲಸಿಕೆ ಆಗದ ನಾಯಿಯಾದರೆ ಮೊದಲು ಲಸಿಕೆ, ಮತ್ತೆ ಮೀಟರು.

ಮೊದಲ ವಾರ ಇಬ್ಬರು ಹಿಡಿಯಬೇಕಿತ್ತು. ಚುಚ್ಚಿದ ಕೂಡಲೇ ಒಂದು ತುಂಡು ಬೇಯಿಸಿದ ಮೊಟ್ಟೆಯ ಬಿಳಿ ಕೊಡುವ ಕ್ರಮ ಇಟ್ಟೆವು. ಎರಡನೇ ವಾರಕ್ಕೆ ಮೀಟರಿನ ಚೀಲದ ಜಿಪ್ ಎಳೆದ ಸದ್ದು ಕೇಳಿದರೆ ಬೊಳ್ಳಿ ತಾನಾಗಿ ಬಂದು ಜಗಲಿಯ ಮೆಟ್ಟಿಲಲ್ಲಿ ಕೂರುತ್ತಿತ್ತು. ಅಮ್ಮ ಚುಚ್ಚಿಸಿಕೊಳ್ಳುವಾಗಲೂ ಬಂದು ಕೂತು ಮೊಟ್ಟೆಗೆ ಕಾಯುತ್ತಿತ್ತು ಅನ್ನುವುದು ಬೇರೆ ಮಾತು.

ಒಂದು ಭಾನುವಾರ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ನೋಡಿದ್ದು ಪುಸ್ತಕದಲ್ಲಿ ಹೀಗಿದೆ: ಏಳಕ್ಕೆ ಅನ್ನ, ಇನ್ಸುಲಿನ್ನಿನ ಮೊದಲು 342. ಒಂಬತ್ತಕ್ಕೆ 268. ಹನ್ನೊಂದಕ್ಕೆ 171. ಒಂದು ಗಂಟೆಗೆ 118. ಮೂರಕ್ಕೆ 139. ಐದಕ್ಕೆ 226. ಏಳಕ್ಕೆ ಪುನಃ 331. ಬೆಳಗ್ಗಿನ 342 ಮಾತ್ರ ನೋಡಿದ್ದರೆ ಯಾರಿಗಾದರೂ ಡೋಸು ಏರಿಸಬೇಕು ಅಂತಲೇ ಕಾಣುವುದು. ಸಾಲನ್ನು ಪೂರ್ತಿ ಓದಿದರೆ ಮಧ್ಯಾಹ್ನ ಮದ್ದು ಬೇಕಾದಷ್ಟು ಕೆಲಸ ಮಾಡಿದೆ, ಸಂಜೆಯವರೆಗೆ ಬಾಳುವುದಿಲ್ಲ ಅಷ್ಟೆ. ಏರಿಸಿದರೆ ಮಧ್ಯಾಹ್ನದ 118 ಎಲ್ಲಿಗೆ ಇಳಿಯುತ್ತಿತ್ತು! ಡಾಕ್ಟ್ರು ಅದನ್ನು ನೋಡಿ ಇನ್ಸುಲಿನ್ನಿನ ಜಾತಿಯನ್ನೇ ಬದಲಾಯಿಸಿದರು. ಏಳು ಸ್ಟ್ರಿಪ್ಪಿಗೆ ನಮಗೆ ಖರ್ಚಾದದ್ದು ನೂರು ರೂಪಾಯಿಯ ಒಳಗೆ.

ಪುಸ್ತಕ ಬರೆಯುವುದು ಕನ್ನಡದಲ್ಲಿ. ಅಂಕಿ ಹೇಗೂ ಎಲ್ಲರಿಗೂ ಓದ್ಲಿಕ್ಕೆ ಬರ್ತದೆ, ಬದಿಯ ಟಿಪ್ಪಣಿಗೆ ಊಟಕ್ಕೆ 'ಊ', ಇನ್ಸುಲಿನ್ನಿಗೆ 'ಇ', ವಾಂತಿಗೆ 'ವಾ' ಎಂದು ಗುರುತು ಹಾಕಿದ್ದೆ. ನಾಲ್ಕನೇ ತಿಂಗಳಿಗೆ ಡಾಕ್ಟ್ರು ತಾವೇ ಪೆನ್ನು ತೆಗೆದು 'ಊ' ಬರೆದು, ಅದರ ಎದುರು ಎಷ್ಟು ಹಿಡಿ ಅನ್ನ ಅಂತ ಪ್ರಶ್ನೆಯ ಚಿಹ್ನೆ ಹಾಕಿದರು. ಗಡಿನಾಡಿನಲ್ಲಿ ಕನ್ನಡ ಕಲಿಸುವುದಕ್ಕೆ ಎಷ್ಟೆಲ್ಲ ಹೋರಾಟ ಮಾಡಿದೆವು, ಒಂದು ನಾಯಿ ಸುಲಭದಲ್ಲಿ ಒಂದಕ್ಷರ ಕಲಿಸಿತು.

ಎಷ್ಟು ಯೂನಿಟು ಕೊಡುತ್ತಿದ್ದೆವು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಓದಿದ ಯಾರಾದರೂ ತಮ್ಮ ನಾಯಿಗೆ ಅದನ್ನೇ ಹಾಕಿಯಾರು, ಒಂದು ನಾಯಿಯ ಡೋಸು ಇನ್ನೊಂದಕ್ಕೆ ವಿಷ ಆಗ್ತದೆ. ಸಿರಿಂಜಿನ ವಿಷಯ ಮಾತ್ರ ಹೇಳಲೇಬೇಕು. ನಮ್ಮಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗ್ತದೆ, ಎಂಎಲ್‌ಗೆ 40 ಯೂನಿಟಿನದ್ದು ಮತ್ತು 100 ಯೂನಿಟಿನದ್ದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟ್ಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮದ್ದು ಒಳಗೆ ಹೋಗ್ತದೆ. ಅಂಗಡಿಯವ "ಎಲ್ಲ ಒಂದೇ" ಅಂದರೂ ಬಾಟ್ಲಿಯ ಮೇಲೆ ಬರೆದದ್ದನ್ನು ನಾವೇ ಓದಬೇಕು.

ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರೊಬ್ಬರು ಒಮ್ಮೆ ಬಂದಿದ್ದಾಗ, ರಕ್ತ ಯಾಕೆ, ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರ ಕುದಿಸಿ ನೋಡಿದರೆ ಇನ್ನೂ ಅಗ್ಗ ಅಲ್ಲವಾ ಅಂತ ಕೇಳಿದರು. ನೀಲಿ ಇದ್ದದ್ದು ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಆಗುವುದನ್ನು ಮಕ್ಕಳಿಗೂ ತೋರಿಸಬಹುದು. ಮೂತ್ರದಲ್ಲಿ ಅದ್ದುವ ಪಟ್ಟಿಯೂ ಅಗ್ಗವೇ. ಕೀಟೋನ್ ಉಂಟಾ ಅಂತ ನೋಡ್ಲಿಕ್ಕೆ ನಾವೂ ಅದನ್ನು ಇಟ್ಟಿದ್ದೇವೆ. ನಾಯಿ ತಿನ್ನುವುದು ಬಿಟ್ಟು ವಾಂತಿ ಮಾಡಿ, ಪಟ್ಟಿಯಲ್ಲಿ ಕೀಟೋನಿನ ಬಣ್ಣ ಬಂದರೆ ಮತ್ತೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅದೇ ದಿನ ಡಾಕ್ಟ್ರ ಹತ್ತಿರ ಓಡಬೇಕು. ಆದರೆ ಮೂತ್ರ ಹೇಳುವುದು ಕಳೆದ ನಾಲ್ಕಾರು ಗಂಟೆಯ ಕತೆ. ಸಕ್ಕರೆ ಹೆಚ್ಚಾದದ್ದನ್ನು ಹೇಳೀತು, ಕಡಿಮೆಯಾದದ್ದನ್ನು ಹೇಳುವುದೇ ಇಲ್ಲ. 100 ಇದ್ದರೂ 40 ಇದ್ದರೂ ನೀಲಿ ನೀಲಿಯೇ. ಇನ್ಸುಲಿನ್ ಕೊಡುವ ನಾಯಿಗೆ ಅದೇ ರಾತ್ರಿ ಪ್ರಾಣ ಹೋಗುವುದು ಕಡಿಮೆಯಾದಾಗ.

ಹೆಚ್ಚಾದ ಕತೆಯೂ ಒಂದುಂಟು. ನೆರೆಮನೆಯ ಪೂಜೆಯ ಮರುದಿನ ಬೊಳ್ಳಿ ಎಂಜಲೆಲೆಯ ರಾಶಿಯಲ್ಲಿ ಹೋಳಿಗೆ, ಪಾಯಸ ಎಲ್ಲ ಮುಗಿಸಿ ಬಂತು. ಮೀಟರಿನಲ್ಲಿ ಅಂಕಿಯೇ ಇಲ್ಲ, ಇಂಗ್ಲಿಷಿನ ಎರಡಕ್ಷರ, ಎಚ್ ಮತ್ತು ಐ. "ಮೀಟರು ಹಾಯ್ ಹೇಳ್ತಾ ಉಂಟು" ಅಂತ ಮಗ ನಕ್ಕ. ಹೆಚ್ಚಿನ ಮೀಟರುಗಳಲ್ಲಿ ಅದರ ಅರ್ಥ 600 ದಾಟಿದೆ ಅಂತ. ಡಾಕ್ಟ್ರಿಗೆ ಫೋನ್ ಮಾಡಿದರೆ, "ಹೆಚ್ಚಿಗೆ ಇನ್ಸುಲಿನ್ ಕೊಡಬೇಡಿ, ನೀರಿಡಿ, ಪುನಃ ನೋಡಿ" ಎಂದರು. ಮರುದಿನ ಬೆಳಗ್ಗೆ ತನ್ನ ಜಾಗಕ್ಕೆ ಇಳಿದಿತ್ತು. ಅಲ್ಲಿಂದ ಪೂಜೆ, ಮದುವೆ, ಕೋಲದ ದಿನಗಳಲ್ಲಿ ಸಂಕೋಲೆ.

ಇನ್ಸುಲಿನ್ ಬಂದದ್ದೇ ನಾಯಿಗಳಿಂದ ಅನ್ನುವುದು ನನಗೆ ಬೊಳ್ಳಿಯ ಕಾಯಿಲೆ ಬರುವವರೆಗೆ ಗೊತ್ತಿರಲಿಲ್ಲ, ವಾಚನಾಲಯದ ಕಪಾಟಿನ ಪುಸ್ತಕಗಳಲ್ಲೇ ಓದಿದೆ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಫಾನ್ ಮೆರಿಂಗ್ ಮತ್ತು ಮಿಂಕೊವ್‌ಸ್ಕಿ ಎಂಬಿಬ್ಬರು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರು. ನಾಯಿ ಎಡೆಬಿಡದೆ ಮೂತ್ರ ಮಾಡತೊಡಗಿತು, ನೋಡಿದರೆ ಅದರಲ್ಲಿ ಸಕ್ಕರೆ. ಈ ಕಾಯಿಲೆಗೆ ಆ ಗ್ರಂಥಿ ಕಾರಣ ಅಂತ ಗೊತ್ತಾದದ್ದು ಹಾಗೆ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಗ್ರಂಥಿಯ ಸಾರ ತೆಗೆದು ಶುಗರ್ ಬರಿಸಿದ ನಾಯಿಗಳಿಗೆ ಚುಚ್ಚಿ ನೋಡಿದರು. 1922ರ ಜನವರಿಯಲ್ಲಿ ಅದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಸಿಕ್ಕಿತು. ಪೇಟೆಂಟನ್ನು ಅವರು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಆ ಲ್ಯಾಬುಗಳಲ್ಲಿ ಸತ್ತ ನಾಯಿಗಳ ಲೆಕ್ಕ ಸಣ್ಣದಲ್ಲ. "ಊರ ನಾಯಿಗೆ ಇಷ್ಟೆಲ್ಲ ಯಾಕೆ" ಅಂದವರಿಗೆ ನಾನು ಇದನ್ನು ಹೇಳಿದ್ದುಂಟು. ಒಪ್ಪಿದವರು ಕಡಿಮೆ, ಸುಮ್ಮನಾದವರು ಹೆಚ್ಚು.

ಆಪರೇಶನ್ ಆದದ್ದು ಮೂರನೇ ತಿಂಗಳಿನಲ್ಲಿ. ಗರ್ಭಕೋಶ ಹೋದ ಮೇಲೆ ಇನ್ಸುಲಿನ್ ಕಡಿಮೆ ಸಾಕಾಗಬಹುದು, ಕೆಲವು ವಾರ ಹೆಚ್ಚು ಸಲ ನೋಡಿ, ರಾತ್ರಿಯೂ ನೋಡಿ ಎಂದು ಡಾಕ್ಟ್ರು ಹೇಳಿದ್ದರು. ಎಂಟನೇ ದಿನ ರಾತ್ರಿ ಹನ್ನೊಂದಕ್ಕೆ ಕರೆದರೆ ಬೊಳ್ಳಿ ಎದ್ದಿತು, ನಾಲ್ಕು ಹೆಜ್ಜೆ ಇಡುವಾಗ ಹಿಂಗಾಲು ಕುಡಿದವರ ಹಾಗೆ ವಾಲಿತು. ಮೈ ಸಣ್ಣಗೆ ನಡುಗುತ್ತಿತ್ತು. ಕಿವಿ ತಣ್ಣಗಿತ್ತು, ಹನಿ ಬರಲು ಎರಡು ಸಲ ಚುಚ್ಚಬೇಕಾಯಿತು. 52. ನಮ್ಮ ಮೀಟರು ಕಡಿಮೆ ತೋರಿಸುವುದು, ನಿಜದಲ್ಲಿ 70 ಇರಬಹುದು ಅಂತ ಆಗ ತರ್ಕ ಮಾಡುತ್ತ ಕೂರಬಾರದು. ನಾಯಿ ನಡುಗುತ್ತಿದ್ದರೆ ಅದನ್ನು ಕಡಿಮೆ ಅಂತಲೇ ತಿಳಿಯಬೇಕು. ಅಮ್ಮ ದೇವರ ಕೋಣೆಯಿಂದ ತುಡುವೆ ಜೇನಿನ ಬಾಟ್ಲಿ ತಂದರು. ಬೆರಳಿಗೆ ಹಚ್ಚಿ ಬೊಳ್ಳಿಯ ವಸಡಿಗೆ ಉಜ್ಜಿದೆ. ಬಾಯಿಗೆ ಸುರಿಯಲಿಲ್ಲ, ಎಚ್ಚರ ತಪ್ಪುವ ನಾಯಿಗೆ ಸುರಿದರೆ ಶ್ವಾಸಕ್ಕೆ ಹೋಗ್ತದೆ. ಹತ್ತು ನಿಮಿಷಕ್ಕೆ 61. ನಾಲಗೆ ಚಾಚಿ ನೆಕ್ಕಿತು. ಆಮೇಲೆ ಒಂದು ಹಿಡಿ ಅನ್ನ ತಿಂದಿತು. ಹನ್ನೆರಡಕ್ಕೆ 94. ಎರಡು ಗಂಟೆಗೆ 133. ನಾವಿಬ್ಬರೂ ಜಗಲಿಯಲ್ಲೇ ಬೆಳಗು ಮಾಡಿದೆವು. ಬೆಳಗ್ಗಿನ ಇನ್ಸುಲಿನ್ ಕೊಡುವ ಮೊದಲು ಫೋನ್ ಮಾಡಿದೆ. ಡಾಕ್ಟ್ರು ರಾತ್ರಿಯ ಅಂಕಿಗಳನ್ನು ಒಂದೊಂದಾಗಿ ಓದಿಸಿಕೊಂಡು ಡೋಸನ್ನು ಮೂರನೇ ಒಂದು ಪಾಲು ಇಳಿಸಿದರು. ಆ ರಾತ್ರಿ ಮೀಟರು ಇಲ್ಲದೆ ಇದ್ದರೆ, ಆಪರೇಶನಿನ ಸುಸ್ತು ಅಂತ ಗೋಣಿ ಹೊದೆಸಿ ಮಲಗಿಸುತ್ತಿದ್ದೆವು, ಅಷ್ಟೆ.

ಉಣ್ಣಿಯ ಕಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಉಣ್ಣಿ ಜ್ವರ ಬಂದು ನಾಯಿಯ ರಕ್ತ ತೆಳುವಾದರೆ ಮೀಟರು ಉಲ್ಟಾ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ವಸಡು ಬಿಳಿಚಿಕೊಂಡ ನಾಯಿಯ ಅಂಕಿಯನ್ನು ನಂಬಿ ಕೂರುವ ಹಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಕಣ್ಣು ಉಳಿಯಲಿಲ್ಲ. ಶುಗರ್ ಬಂದ ನಾಯಿಗಳಲ್ಲಿ ಬಹಳಷ್ಟಕ್ಕೆ ವರ್ಷದೊಳಗೆ ಪೊರೆ ಬರ್ತದೆ. ಬೊಳ್ಳಿಗೆ ಏಳನೇ ತಿಂಗಳಿನಲ್ಲಿ ಎರಡೂ ಕಣ್ಣು ಗಂಜಿ ತಿಳಿಯ ಬಣ್ಣಕ್ಕೆ ತಿರುಗಿದವು. ಶಸ್ತ್ರಕ್ರಿಯೆ ಇದೆಯಂತೆ, ಅದು ನಮ್ಮ ಕೈಗೆ ಎಟುಕುವ ಲೆಕ್ಕದ್ದಲ್ಲ. ಮೊದಲು ಕೆಲವು ದಿನ ಒರಳುಕಲ್ಲಿಗೆ ಹೊಡೆದುಕೊಂಡಿತು. ಈಗ ಅಂಗಳದಿಂದ ತೋಟದ ಕಟ್ಟದವರೆಗೆ ಮೂಗಿನಲ್ಲೇ ದಾರಿ ಓದಿ ಹೋಗಿ ಬರ್ತದೆ. ನಾವು ಸಾಮಾನು ಇಟ್ಟಲ್ಲಿಂದ ಕದಲಿಸುವುದಿಲ್ಲ. ಹಂದಿ ಬಂದರೆ ಈಗಲೂ ಮೊದಲು ಬೊಗಳುವುದು ಅದೇ, ಓಡಿಸಲು ಮಾತ್ರ ಹೋಗುವುದಿಲ್ಲ.

ಇನ್ಸುಲಿನ್ ಪೂರ್ತಿ ನಿಲ್ಲಲಿಲ್ಲ, ಮೊದಲಿನದ್ದಕ್ಕಿಂತ ಕಡಿಮೆ ಸಾಕಾಗ್ತದೆ. ವಾರಕ್ಕೆ ಎರಡು ದಿನ, ಎರಡು ಹೊತ್ತಿನ ಇಂಜೆಕ್ಷನಿನ ಮೊದಲು ನೋಡುತ್ತೇವೆ. ಡೋಸು ಬದಲಾದರೆ ಪುನಃ ಒಂದು ದಿನದ ಪೂರ್ತಿ ಸಾಲು. ತಿಂಗಳಿಗೆ ಸ್ಟ್ರಿಪ್ಪಿಗೆ ಇನ್ನೂರೈವತ್ತು, ಮುನ್ನೂರು ಆಗ್ತದೆ. ನಮಗೆ ಅಗ್ಗ ಅಂತ ಹೇಳಲಾರೆ, ಆಗುವಷ್ಟು ಉಂಟು.

ಮಳೆಗಾಲಕ್ಕೆ ಒಂದು ಮಾತು ಬಾಕಿ. ಇನ್ಸುಲಿನ್ ಫ್ರಿಜ್ಜಿನಲ್ಲಿ, ಮಂಜುಗಟ್ಟುವ ಡಬ್ಬಕ್ಕೆ ತಾಗದ ಹಾಗೆ ಇರಬೇಕು. ಕರೆಂಟು ಎರಡು ಮೂರು ದಿನ ಹೋದಾಗ ನಾವು ಒದ್ದೆ ಮರಳು ತುಂಬಿದ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ಅದರಲ್ಲಿಡುತ್ತೇವೆ. ಸ್ಟ್ರಿಪ್ ಮಾತ್ರ ಫ್ರಿಜ್ಜಿಗೆ ಹೋಗಬಾರದು, ಡಬ್ಬಿಯ ಮುಚ್ಚಳ ಒಂದು ಕ್ಷಣವೂ ತೆರೆದಿರಬಾರದು. ನಮ್ಮ ಆಷಾಢದ ಗಾಳಿಯಲ್ಲಿ ಹಪ್ಪಳ ಮೆತ್ತಗಾಗುವಷ್ಟು ಹೊತ್ತಿಗೆ ಸ್ಟ್ರಿಪ್ಪೂ ಹಾಳು, ಸುಳ್ಳು ಅಂಕಿ ಹೇಳ್ತದೆ. ಈ ಸಲ ಅಮ್ಮ 50ರ ಡಬ್ಬಿ ಬೇಡ, 25ರದ್ದು ಎರಡು ತಾ ಎಂದು ಹೇಳಿ ತರಿಸಿದ್ದಾರೆ. ಒಂದಕ್ಕೆ ಕೆಂಪು ನೂಲು ಕಟ್ಟಿ ಆಗಿದೆ.